ಹಾಲಿನ ಗಾಡಿಯ ಕ್ಯಾರಿಯರ್‌ಗೆ ಮನೆಯಲ್ಲೇ ಬಣ್ಣ: ಮೊದಲ ಸಲ ಮಾಡುವವರಿಗೆ

ಸಂಘಕ್ಕೆ ಹಾಲು ತರುವ ಗಾಡಿಗಳನ್ನು ಒಮ್ಮೆ ಹಿಂದಿನಿಂದ ನೋಡಿ. ಟಿ.ವಿ.ಎಸ್. ಎಕ್ಸ್‌ಎಲ್ ಆಗಲಿ, ಬೇರೆ ಬೈಕ್ ಆಗಲಿ, ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಮುಂದಿನ ಬಣ್ಣವೂ ಅಷ್ಟಾಗಿ ಮಾಸಿರುವುದಿಲ್ಲ. ಆದರೆ ಕ್ಯಾರಿಯರ್, ಕ್ಯಾನು ತೂಗುಹಾಕುವ ಕೊಕ್ಕೆ, ಸ್ಟ್ಯಾಂಡು, ಹಿಂದಿನ ಮಡ್‌ಗಾರ್ಡ್ ಮಾತ್ರ ತುಕ್ಕು ಹಿಡಿದು ಕೆಂಪಾಗಿರುತ್ತವೆ. ಕಾರಣ ನಮಗೆ ಗೊತ್ತಿರುವುದೇ. ಕ್ಯಾನಿನ ತಳ ದಿನಕ್ಕೆರಡು ಬಾರಿ ಉಜ್ಜಿ ಬಣ್ಣ ಕಿತ್ತುಹೋಗುತ್ತದೆ. ತುಳುಕಿದ ಹಾಲು ಅಲ್ಲೇ ನಿಂತು ಹುಳಿಯಾಗಿ ಕಬ್ಬಿಣವನ್ನು ತಿನ್ನುತ್ತದೆ. ರಾತ್ರಿ ಗಾಡಿ ನಿಲ್ಲುವುದು ಕೊಟ್ಟಿಗೆಯ ಪಕ್ಕ, ಗಂಜಳದ ತೇವದಲ್ಲಿ.

ಗ್ಯಾರೇಜಿಗೆ ಕೊಟ್ಟರೆ ಬಣ್ಣ ಮಾಡಿಕೊಡುತ್ತಾರೆ, ನಿಜ. ಆದರೆ ಗಾಡಿಯನ್ನು ಮೂರ್ನಾಲ್ಕು ದಿನ ಅಲ್ಲೇ ಬಿಡಬೇಕಾಗುತ್ತದೆ. ಹಾಲು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಕಳಚಲು ಬರುವ ಸಣ್ಣ ಭಾಗಗಳಿಗೆ ಮನೆಯಲ್ಲೇ ಬಣ್ಣ ಹಚ್ಚುವುದನ್ನು ಕಲಿತರೆ ಲಾಭವೇ. ಮೊದಲ ಸಲಕ್ಕೆ ಕ್ಯಾರಿಯರ್ ಒಳ್ಳೆಯ ಆಯ್ಕೆ. ನಾಲ್ಕಾರು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ, ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಮೊದಲ ಸಲವೇ ಕೈ ಹಾಕಬೇಡಿ. ಒಂದೆರಡು ದಿನ ನಿಮ್ಮ ಕ್ಯಾನು ಒಯ್ಯಲು ನೆರೆಮನೆಯವರಿಗೆ ಹೇಳಿಟ್ಟು ಕೆಲಸ ಶುರುಮಾಡಿ.

ಬಿಚ್ಚಿದ ಕೂಡಲೇ ಒಂದು ಪರೀಕ್ಷೆ. ತುಕ್ಕು ದಪ್ಪಗಿರುವ ಕಡೆ, ಮುಖ್ಯವಾಗಿ ಬೆಸುಗೆಯ ಹತ್ತಿರ, ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಒತ್ತಿ. ತೂತು ಬಿದ್ದರೆ ಅಥವಾ ಹಪ್ಪಳದಂತೆ ಪದರ ಎದ್ದರೆ ಮೊದಲು ಹೋಗಬೇಕಾದದ್ದು ವೆಲ್ಡಿಂಗ್ ಅಂಗಡಿಗೆ. 20 ಲೀಟರ್ ಹಾಲು ಎಂದರೆ ಕ್ಯಾನಿನ ತೂಕ ಬಿಟ್ಟು 20 ಕಿಲೋಗಿಂತ ತುಸು ಹೆಚ್ಚು. ಒಳಗೆ ತೂತಾದ ಕ್ಯಾರಿಯರ್‌ಗೆ ಮೇಲೆ ಹೊಳೆಯುವ ಬಣ್ಣ ಹಚ್ಚಿದರೆ ಅದು ದಾರಿಯಲ್ಲಿ ಮುರಿಯುವ ತನಕ ಗೊತ್ತೇ ಆಗುವುದಿಲ್ಲ.

ಬಣ್ಣ ನಿಲ್ಲುವುದೂ ಬಿಡುವುದೂ ಉಜ್ಜುವ ಕೆಲಸದಲ್ಲಿದೆ. ಹಚ್ಚುವುದಕ್ಕೆ ಅರ್ಧ ಗಂಟೆ ಸಾಕು, ಉಜ್ಜುವುದಕ್ಕೆ ಅರ್ಧ ದಿನ ಬೇಕು. ಮೊದಲು ಸೋಪಿನ ಪುಡಿ ಹಾಕಿ ಜಿಡ್ಡು, ಸಗಣಿ, ಹಾಲಿನ ಕಲೆ ಎಲ್ಲ ಹೋಗುವಂತೆ ತೊಳೆಯಿರಿ. ಜಿಡ್ಡಿನ ಮೇಲೆ ಉಜ್ಜಿದರೆ ಜಿಡ್ಡು ಕಬ್ಬಿಣದ ಗೆರೆಗಳೊಳಗೆ ಸೇರಿಕೊಂಡು, ಮುಂದೆ ಬಣ್ಣ ಅಲ್ಲೇ ಸುಲಿಯುತ್ತದೆ. ನಂತರ ತಂತಿ ಬ್ರಷ್‌ನಿಂದ ಎದ್ದ ತುಕ್ಕನ್ನು ಉದುರಿಸಿ, 120 ನಂಬರಿನ ಎಮರಿ ಕಾಗದದಿಂದ ಬೆಳ್ಳಗಿನ ಕಬ್ಬಿಣ ಕಾಣುವವರೆಗೆ ಉಜ್ಜಿ. ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆ ಅದನ್ನು ಪೂರ್ತಿ ತೆಗೆಯಬೇಕಿಲ್ಲ. 220 ನಂಬರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಬಣ್ಣ ಮತ್ತು ಕಬ್ಬಿಣ ಸೇರುವ ಅಂಚನ್ನು ಬೆರಳಿಗೆ ತಡೆಯದಂತೆ ಇಳಿಜಾರು ಮಾಡಿದರೆ ಸಾಕು. ತೆಳು ತುಕ್ಕಿನ ಸಣ್ಣ ಬೋಲ್ಟುಗಳನ್ನು ಹುಣಸೆ ನೀರಿನಲ್ಲಿ ನೆನೆಹಾಕಿದರೆ ತುಕ್ಕು ಸಡಿಲವಾಗುತ್ತದೆ. ತಾಮ್ರದ ಬಿಂದಿಗೆ ಬೆಳಗುವ ಅದೇ ಹುಳಿ. ಆದರೆ ಚೆನ್ನಾಗಿ ತೊಳೆದು ತಕ್ಷಣ ಒರೆಸದಿದ್ದರೆ ಮತ್ತೆ ತುಕ್ಕು.

ಹಳೆಯ ಬಣ್ಣವನ್ನು ಉಜ್ಜುವಾಗ ನೀರು ಚಿಮುಕಿಸಿಕೊಂಡು ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಸಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವನ್ನು 90 ಪಿ.ಪಿ.ಎಂ.ಗೆ ಮಿತಿಗೊಳಿಸುವ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದೂ ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ. ದನಗಳಿಗೆ, ಅದರಲ್ಲೂ ಕರುಗಳಿಗೆ, ಸಿಕ್ಕಿದ್ದನ್ನು ನೆಕ್ಕುವ ಚಾಳಿ. ಉದುರಿದ ಬಣ್ಣದ ಚೂರು ನೆಕ್ಕಿ ಸೀಸ ಹೊಟ್ಟೆಗೆ ಹೋದರೆ ಕರು ಕಣ್ಣು ಕಾಣದಂತೆ ತಡವರಿಸುತ್ತದೆ, ಹಲ್ಲು ಕಡಿಯುತ್ತದೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ, ನಡುಕ ಮತ್ತು ಸೆಳೆತ ಬರುತ್ತದೆ. ಇಂಥ ಲಕ್ಷಣ ಕಂಡರೆ ಕಾಯದೆ ಪಶುವೈದ್ಯರನ್ನು ಕರೆಸಿ, ಬಣ್ಣದ ಕೆಲಸ ಮಾಡಿದ್ದನ್ನು ತಪ್ಪದೆ ಹೇಳಿ. ಕರೆಯುವ ಹಸುವಿನ ಹೊಟ್ಟೆಗೆ ಹೋದ ಸೀಸ ಹಾಲಿನಲ್ಲೂ ಬರುತ್ತದೆ. ಗಾಡಿಯ ಹಳೆಯ ಬ್ಯಾಟರಿ ಇದಕ್ಕಿಂತ ಅಪಾಯ, ಏಕೆಂದರೆ ಅದರೊಳಗಿರುವುದೇ ಸೀಸ. ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರೆ ಇಂದೇ ಅಂಗಡಿಗೆ ಹಿಂತಿರುಗಿಸಿ.

ಉಜ್ಜಿದ ಪುಡಿ, ಕಾಗದ, ಚಿಂದಿಬಟ್ಟೆ ಯಾವುದನ್ನೂ ತಿಪ್ಪೆಗೆ ಹಾಕಬೇಡಿ, ಅದು ಗೊಬ್ಬರದ ಜೊತೆ ಹೊಲ ಸೇರುತ್ತದೆ. ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಖಾಲಿಯಾದ ಬಣ್ಣದ ಡಬ್ಬಿ, ಬಕೆಟ್ಟು ಎಷ್ಟೇ ಚೆಂದವಿರಲಿ, ಕಲಗಚ್ಚಿಗೂ ಹಿಂಡಿ ನೆನೆಹಾಕುವುದಕ್ಕೂ ಬೇಡ.

ಇನ್ನು ಬಣ್ಣ. ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಒಂದು ರಾತ್ರಿಯ ಇಬ್ಬನಿ ಸಾಕು ಮತ್ತೆ ತುಕ್ಕು ಹಿಡಿಯಲು. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ನಮ್ಮೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಡಬ್ಬಿಯ ಮೇಲೆ ಜಿಂಕ್ ಕ್ರೋಮೇಟ್ ಎಂದಿದ್ದರೆ ಅದರ ಪುಡಿಯೂ ವಿಷವೇ, ಒಣಗಿದ ಮೇಲೆ ಒದ್ದೆ ಮಾಡಿಯೇ ಉಜ್ಜಬೇಕು. ಪ್ರೈಮರ್ ಪೂರ್ತಿ ಒಣಗಿದ ಬಳಿಕ 400 ನಂಬರಿನಿಂದ ಹಗುರವಾಗಿ ನಯಮಾಡಿ, ಒರೆಸಿ ಒಣಗಿಸಿ, ಮೇಲಿನ ಬಣ್ಣ ಹಚ್ಚಿ.

ಸ್ಪ್ರೇ ಡಬ್ಬಿ ಹೊಸಬರಿಗೆ ಸುಲಭ. ಒಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಅಲ್ಲಾಡಿಸಿ. ಕ್ಯಾರಿಯರ್ ಅನ್ನು ತಂತಿಯಲ್ಲಿ ತೂಗುಹಾಕಿ, ಸುಮಾರು ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ ಹೊಡೆಯಿರಿ. ವಸ್ತುವಿನ ಆಚೆಯಿಂದ ಶುರುಮಾಡಿ ಈಚೆ ದಾಟಿದ ಮೇಲೆ ಬೆರಳು ಬಿಡಿ. ಮೊದಲ ಕೋಟಿನಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಿದ್ದರೆ ಅದೇ ಸರಿ. ಒಂದೇ ಸಲ ಮುಚ್ಚಲು ಹೋದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಮೂರು ನಾಲ್ಕು ತೆಳು ಕೋಟು ಕೊಡಿ. ಇಳಿದರೆ ಒರೆಸಲು ಹೋಗಬೇಡಿ, ಒಣಗಲು ಬಿಟ್ಟು ಉಜ್ಜಿ ಮತ್ತೆ ಹೊಡೆಯಿರಿ. ಬ್ರಷ್‌ನಿಂದ ಹಚ್ಚುವ ಎನಾಮೆಲ್ ಆದರೆ ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿ ಬಿಡಿ. ಎನಾಮೆಲ್ ಮೇಲೆ ಎನ್.ಸಿ. ಬಣ್ಣ ಮಾತ್ರ ಹೊಡೆಯಬೇಡಿ, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಕೊಳ್ಳುವಾಗ ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಂಗಡಿಯವರನ್ನು ಕೇಳಿ.

ಹೊತ್ತೂ ನೋಡಿಕೊಳ್ಳಬೇಕು. ಇಬ್ಬನಿ ಆರಿದ ಮೇಲೆ, ಬಿಸಿಲು ಸುಡುವ ಮೊದಲು, ಗಾಳಿ ಕೊಟ್ಟಿಗೆಯ ಕಡೆ ಬೀಸದ ಬಯಲು ಜಾಗದಲ್ಲಿ ಮಾಡಿ. ಒಲೆ, ಬೀಡಿ, ದೀಪ ಹತ್ತಿರ ಬೇಡ. ಮುಖಕ್ಕೆ ಕಟ್ಟಿದ ಬಟ್ಟೆ ಧೂಳನ್ನು ತಡೆಯುತ್ತದೆಯೇ ಹೊರತು ತಿನ್ನರ್ ವಾಸನೆಯನ್ನಲ್ಲ. ಬಸುರಿಯರು, ಮಕ್ಕಳು ದೂರವಿರಲಿ.

ವಾಸನೆಯ ಮಾತು ಬಂದಾಗ ಹಾಲಿನ ಮಾತೂ ಬರಬೇಕು. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹಸು ಉಸಿರಿನಲ್ಲಿ ಎಳೆದುಕೊಂಡ ಗಾಢ ವಾಸನೆಯೂ ಸ್ವಲ್ಪ ಹೊತ್ತಿನಲ್ಲೇ ಹಾಲಿಗೆ ಇಳಿಯುತ್ತದೆ. ಸಂಘದಲ್ಲಿ ಮೊದಲು ನಡೆಯುವುದೇ ಮೂಸಿ ನೋಡುವ ಪರೀಕ್ಷೆ, ಅಲ್ಲಿ ತಪ್ಪಿಸಿಕೊಂಡು ಬಿ.ಎಂ.ಸಿ. ಸೇರಿದರೆ ಊರಿನವರೆಲ್ಲರ ಹಾಲಿಗೂ ಕುತ್ತು. ಆದ್ದರಿಂದ ಬೆಳಗಿನ ಹಾಲು ಹಾಕಿ ಬಂದ ಮೇಲೆ ಕೆಲಸ ಹಿಡಿಯಿರಿ, ಸಂಜೆ ಕರೆಯುವ ಮೊದಲು ಬಟ್ಟೆ ಬದಲಿಸಿ. ಕೈಗೆ ಅಂಟಿದ ಬಣ್ಣಕ್ಕೆ ತಿನ್ನರ್ ಬೇಡ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಸೋಪಿನಿಂದ ಎರಡು ಸಲ ತೊಳೆಯಿರಿ. ಕ್ಯಾನಿನ ಒಳಗಾಗಲಿ ಬಾಯಿಗಾಗಲಿ ಎಂದೂ ಬಣ್ಣ ಹಚ್ಚಬಾರದು.

ಗಾಡಿಯಲ್ಲೂ ಬಣ್ಣ ತಾಗಬಾರದ ಜಾಗಗಳಿವೆ. ಬ್ರೇಕಿನ ಡ್ರಮ್ಮು, ಚೈನು, ಶಾಕ್ ಅಬ್ಸಾರ್ಬರ್ ಜಾರುವ ಕೊಳವೆ, ಬೋಲ್ಟಿನ ಮರೆ, ಕೊರೆದಿರುವ ಚಾಸಿ ನಂಬರ್, ಕೆಂಪು ರಿಫ್ಲೆಕ್ಟರ್. ಸೈಲೆನ್ಸರ್‌ಗೆ ಶಾಖ ತಡೆಯುವ ಬೇರೆ ಬಣ್ಣವೇ ಬೇಕು, ಮಾಮೂಲಿ ಬಣ್ಣ ಸುಟ್ಟು ಹೊಗೆಯಾಡುತ್ತದೆ. ಮುಂದೆ ಧೈರ್ಯ ಬಂದು ಇಡೀ ಗಾಡಿಗೆ ಕೈ ಹಾಕುವುದಾದರೆ ಆರ್.ಸಿ.ಯಲ್ಲಿ ನಮೂದಾದ ಬಣ್ಣವನ್ನೇ ಹಚ್ಚಿ, ಬೇರೆ ಬಣ್ಣಕ್ಕೆ ಆರ್.ಟಿ.ಓ. ಕಚೇರಿಯ ಅನುಮತಿ ಬೇಕಾಗುತ್ತದೆ.

ಮುಟ್ಟಿದರೆ ಅಂಟದಿರುವುದಕ್ಕೂ ಬಣ್ಣ ಒಳಗೆ ಗಟ್ಟಿಯಾಗುವುದಕ್ಕೂ ವ್ಯತ್ಯಾಸವಿದೆ. ಕ್ಯಾರಿಯರ್ ಅನ್ನು ಎರಡು ದಿನವಾದರೂ ನೆರಳಿನಲ್ಲಿ, ಕರುವಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ಉಗುರು ಒತ್ತಿದರೆ ಗುರುತು ಬೀಳದಿದ್ದಾಗ, ವಾಸನೆ ಪೂರ್ತಿ ಹೋದಾಗ ಗಾಡಿಗೆ ಕೂಡಿಸಿ. ಕ್ಯಾನು ಕೂರುವ ಜಾಗಕ್ಕೆ ಹಳೆಯ ಟ್ಯೂಬಿನ ತುಂಡು ಕಟ್ಟಿ. ವಾರಕ್ಕೊಮ್ಮೆ ಅದನ್ನು ಬಿಚ್ಚಿ ಅಡಿಯಲ್ಲಿ ನಿಂತ ಹಾಲು, ನೀರನ್ನು ತೊಳೆದು ಒರೆಸಿ ಮತ್ತೆ ಕಟ್ಟಿ.