ತಳದಲ್ಲಿ ಕೂತ ತಾಮ್ರದ ಬಿಲ್ಲೆ

ಚಳಿಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ‘ಚಸ್... ಚಸ್... ಚಸ್’ ಎಂಬ ಸದ್ದು. ದೂರದಲ್ಲಿ ಉಗಿಬಂಡಿ ಏರು ಹತ್ತುತ್ತಿರುವ ಹಾಗೆ. ಇಂಜಿನ್ ಬಿಸಿಯಾದ ಮೇಲೆ ತಾನಾಗಿ ತಗ್ಗುತ್ತಿತ್ತು. ಆರು ತಿಂಗಳ ಹಿಂದಷ್ಟೇ ನಾಲ್ಕೂ ಇಂಜೆಕ್ಟರ್ ಬಿಚ್ಚಿಸಿ, ಟೆಸ್ಟ್ ಬೆಂಚಿನ ಮೇಲೆ ನೋಡಿಸಿ, ಒಂದನ್ನು ಬದಲಿಸಿ, ಮತ್ತೆ ಹಾಕಿಸಿದ್ದೆ. ಅದಕ್ಕೆ ಖರ್ಚಾದ ದುಡ್ಡು ನೆನೆದು, ತೊಂದರೆ ಬೇರೆಲ್ಲೋ ಇರಬೇಕು ಎಂದುಕೊಂಡು ದಿನ ದೂಡಿದೆ.

ಈ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ, ಟಾರ್ಚ್ ಹಾಕಿದರು. ಮೂರನೇ ಇಂಜೆಕ್ಟರ್ ಸುತ್ತ ಕಪ್ಪಗೆ, ರಸ್ತೆಯ ಟಾರಿನಂತೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ‘ನೋಜಲ್ ಚೆನ್ನಾಗೇ ಇದೆ ಸಾರ್. ಅದನ್ನ ಕೂರ್ಸಿದ್ದು ಸರಿಯಿಲ್ಲ’ ಎಂದರು.

ಕೂರಿಸುವುದು. ಡೀಸೆಲ್ ಕೆಲಸದವರ ಬಾಯಲ್ಲಿ ಇದು ತೂಕದ ಮಾತು. ಇಂಜೆಕ್ಟರ್ ರಿಪೇರಿಗೆ ಯಂತ್ರಗಳಿವೆ, ಬಿಲ್ಲು ಇದೆ, ವಾರಂಟಿ ಇದೆ. ಅದನ್ನು ಮತ್ತೆ ಅದರ ಗೂಡಿಗೆ ಕೂರಿಸುವ ಅರ್ಧ ದಿನದ ಕೆಲಸಕ್ಕೆ ಮಾತ್ರ ಯಾರೂ ಬೆಲೆ ಕಟ್ಟುವುದಿಲ್ಲ, ಗಾಡಿ ಮಾಲೀಕರಾದ ನಾವಂತೂ ಕಟ್ಟುವುದೇ ಇಲ್ಲ. ಇಂಜಿನ್‌ಗಳು ಹಾಳಾಗುವುದು ಅಲ್ಲೇ.

ಇಂದಿನ ಕಾಮನ್ ರೈಲ್ ಡೀಸೆಲ್ ಇಂಜಿನ್‌ನಲ್ಲಿ ಇಂಧನದ ಒತ್ತಡ ಸಾವಿರ ಬಾರ್ ದಾಟುತ್ತದೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಆ ಒತ್ತಡದಲ್ಲಿ, ತಲೆಗೂದಲಿಗಿಂತ ಸ್ವಲ್ಪವಷ್ಟೇ ದೊಡ್ಡದಾದ ರಂಧ್ರಗಳಿಂದ ಡೀಸೆಲ್ ಮಂಜಿನಂತೆ ಸಿಲಿಂಡರ್‌ಗೆ ಚಿಮ್ಮುತ್ತದೆ. ಅದು ಹೊತ್ತಿಕೊಂಡಾಗ ಸಿಲಿಂಡರ್ ಒಳಗಿನ ಒತ್ತಡ ನೂರೈವತ್ತು ಬಾರ್ ಮುಟ್ಟಬಲ್ಲದು. ಬೆಂಕಿಯ ಆ ಅನಿಲಕ್ಕೆ ಹೊರಗೆ ಬರಲು ಒಂದು ದಾರಿ ಸದಾ ಕಾದಿರುತ್ತದೆ: ಇಂಜೆಕ್ಟರ್‌ಗೂ ಅದನ್ನು ಇಳಿಸಿದ ತೂತಿಗೂ ನಡುವಿನ ಸಂದು. ಆ ದಾರಿಗೆ ಅಡ್ಡ ನಿಂತಿರುವುದು ತಳದಲ್ಲಿರುವ ಒಂದು ತಾಮ್ರದ ವಾಷರ್. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ದಪ್ಪ ಒಂದೆರಡು ಮಿಲಿಮೀಟರ್.

ತಾಮ್ರವೇ ಏಕೆ? ಹಂಡೆ ಬಡಿಯುವ ಕಂಚುಗಾರರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ. ಹಾಗೇ ಬಡಿದರೆ ಬಿರಿಯುತ್ತದೆ. ಅದಕ್ಕೆ ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಹೊಸ ವಾಷರ್ ಹೀಗೆ ಮೆತ್ತಗಿರುತ್ತದೆ. ಇಂಜೆಕ್ಟರ್ ಬಿಗಿದಾಗ ಎರಡು ಲೋಹಗಳ ನಡುವೆ ಅದು ಹಿಸುಕಿಸಿಕೊಂಡು, ಕಣ್ಣಿಗೆ ಕಾಣದ ಏರುತಗ್ಗುಗಳನ್ನೆಲ್ಲ ತುಂಬಿಕೊಂಡು, ಗಡುಸಾಗಿ ನಿಲ್ಲುತ್ತದೆ. ಇಂಜೆಕ್ಟರ್‌ನ ತುದಿಯ ಕಾವನ್ನು ಸಿಲಿಂಡರ್ ಹೆಡ್‌ಗೆ ದಾಟಿಸುವುದೂ ಅದೇ. ಈ ಕೆಲಸವನ್ನು ಅದು ಒಂದೇ ಸಲ ಚೆನ್ನಾಗಿ ಮಾಡುತ್ತದೆ. ಹಳೆಯ ವಾಷರನ್ನೇ ಗ್ಯಾಸ್ ಒಲೆಯ ಮೇಲೆ ಕಾಯಿಸಿ ಮತ್ತೆ ಹಾಕುವ ರೂಢಿ ಕೆಲವೆಡೆ ಇದೆ. ಕಾಯಿಸಿದರೆ ಮೆತ್ತಗಾಗುವುದು ನಿಜ. ಆದರೆ ಕಳೆದುಹೋದ ದಪ್ಪ ವಾಪಸು ಬರುವುದಿಲ್ಲ, ಮೈಮೇಲೆ ಬಿದ್ದ ಗೆರೆ ಅಳಿಸುವುದಿಲ್ಲ. ದಪ್ಪಕ್ಕೂ ಲೆಕ್ಕವಿದೆ. ನೋಜಲ್ ತುದಿ ಸಿಲಿಂಡರ್ ಒಳಗೆ ಎಷ್ಟು ಚಾಚಿರಬೇಕು, ಡೀಸೆಲ್ ಪಿಸ್ಟನ್ ತಲೆಯ ಗುಳಿಯಲ್ಲಿ ಎಲ್ಲಿ ಹೋಗಿ ಬಡಿಯಬೇಕು ಎಂಬುದನ್ನು ನಿರ್ಧರಿಸುವುದು ಅದೇ ಮಿಲಿಮೀಟರು.

ನನ್ನ ಗಾಡಿಯ ಮೂರನೇ ಗೂಡಿನಲ್ಲಿ ಎರಡು ವಾಷರ್ ಇದ್ದವು. ಹಳೆಯದು ಕಾರ್ಬನ್‌ನಲ್ಲಿ ಕಚ್ಚಿಕೊಂಡು ತಳದಲ್ಲೇ ಉಳಿದಿತ್ತು. ಮೊದಲು ಕೆಲಸ ಮಾಡಿದವರು ಅದನ್ನು ನೋಡದೆ ಅದರ ಮೇಲೆ ಹೊಸದನ್ನು ಇಟ್ಟು ಬಿಗಿದಿದ್ದರು. ಮೇಲಿನಿಂದ ನೋಡಿದರೆ ಅಲ್ಲಿ ಕಾಣುವುದು ಬರೀ ಕತ್ತಲು. ಅದಕ್ಕೇ ಟಾರ್ಚು, ಪುಟ್ಟ ಕನ್ನಡಿ ಬೇಕು. ಹೊರಬಂದ ವಾಷರ್‌ಗಳನ್ನು ಎಣಿಸಬೇಕು.

ಈ ಸಲ ಗೂಡು ಶುಚಿ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಹೊರಗಿನ ಕಪ್ಪನ್ನು ಸಾಲ್ವೆಂಟ್‌ನಲ್ಲಿ ನೆನೆಸಿ, ಮರದ ಕಡ್ಡಿಯಿಂದ ಎಬ್ಬಿಸಿದರು. ಬಿಚ್ಚಿದ ಪೈಪಿನ ಬಾಯಿಗಳಿಗೆಲ್ಲ ಕೂಡಲೇ ಮುಚ್ಚಳ. ಇಂಜೆಕ್ಟರ್ ಒಳಗಿನ ಬಿಡಿಭಾಗಗಳ ನಡುವಿನ ಅಂತರ ಮೈಕ್ರಾನ್ ಲೆಕ್ಕದ್ದು; ಬಟ್ಟೆಯ ಒಂದು ಎಳೆ, ಧೂಳಿನ ಒಂದು ಕಣ ಸಾಕು ಅದನ್ನು ಕೆಡಿಸಲು. ಆಮೇಲೆ ಗೂಡಿನ ತಳಕ್ಕೆ ಹೋಗುವ ಚಪ್ಪಟೆ ಕಟರ್. ಅದರ ಹಲ್ಲಿಗೆ ಗ್ರೀಸ್ ಮೆತ್ತಿದರು, ಕೆರೆದ ಚೂರು ಸಿಲಿಂಡರ್‌ಗೆ ಉದುರದೆ ಗ್ರೀಸಿಗೆ ಅಂಟಲಿ ಎಂದು. ಕೈಯಲ್ಲೇ ನಾಲ್ಕು ಸುತ್ತು, ತೆಗೆದು ಒರೆಸು, ನೋಡು, ಮತ್ತೆ ಎರಡು ಸುತ್ತು. ಹೆಚ್ಚು ಕೆರೆದರೆ ಇಂಜೆಕ್ಟರ್ ಕೆಳಗೆ ಕುಸಿಯುತ್ತದೆ, ಆದ್ದರಿಂದ ಪವರ್ ಡ್ರಿಲ್‌ಗೆ ಇಲ್ಲಿ ಜಾಗವಿಲ್ಲ. ತಳದಲ್ಲಿ ಬೆಳ್ಳಗೆ ಒಂದೇ ಸಮನಾದ ಉಂಗುರ ಹೊಳೆಯುವವರೆಗೂ ಅವರು ಎದ್ದು ಟೀ ಕುಡಿಯಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು, ಒಂದು ಗೂಡಿಗೆ.

ಕೂರಿಸುವಾಗ ನಾನು ಕಲಿತದ್ದು ಅನುಕ್ರಮ. ಇಂಜೆಕ್ಟರ್ ಇಳಿಸಿ, ಕ್ಲ್ಯಾಂಪ್ ಬೋಲ್ಟನ್ನು ಸಡಿಲವಾಗಿಯೇ ಹಿಡಿಸಿ, ಹೈ ಪ್ರೆಷರ್ ಪೈಪಿನ ನಟ್‌ಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿದರು. ಇಂಜೆಕ್ಟರ್ ತನ್ನ ಪೈಪಿನ ನೇರಕ್ಕೆ ಹೊಂದಿಕೊಂಡ ಮೇಲೆ ಕ್ಲ್ಯಾಂಪ್ ಬಿಗಿತ, ಕೊನೆಗೆ ಪೈಪ್ ಬಿಗಿತ. ಕ್ಲ್ಯಾಂಪಿಗೆ ಹೊಸ ಬೋಲ್ಟ್. ಒಮ್ಮೆ ಎಳೆಸಿಕೊಂಡ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಟಾರ್ಕ್ ರೆಂಚಿನಲ್ಲಿ ಕಂಪನಿಯ ಪುಸ್ತಕ ಹೇಳಿದಷ್ಟು, ಆಮೇಲೆ ಅದು ಹೇಳಿದ ಕೋನದಷ್ಟು. ‘ಇನ್ನೊಂಚೂರು ಟೈಟಾಗಿರಲಿ’ ಎಂಬ ಆಸೆ ಇಲ್ಲಿ ಕೂಡದು. ಅತಿ ಬಿಗಿದರೆ ಇಂಜೆಕ್ಟರ್ ಮೈಯೇ ಸೊಟ್ಟಗಾಗಿ ಒಳಗಿನ ಸೂಜಿ ಸಿಕ್ಕಿಕೊಳ್ಳಬಹುದು, ಅಲ್ಯುಮಿನಿಯಂ ಹೆಡ್‌ನ ಥ್ರೆಡ್ ಕಿತ್ತು ಬರಬಹುದು. ಸೀಲಿಂಗ್ ಪೇಸ್ಟನ್ನೂ ವಾಷರ್‌ಗೆ ಹಚ್ಚಬಾರದು. ಅಲ್ಲಿ ಒಣ ಲೋಹಕ್ಕೆ ಒಣ ಲೋಹವೇ ಬೇಕು.

ಇಂಜೆಕ್ಟರ್ ಬದಲಿಸಿದ್ದರೆ ಅದರ ಮೈಮೇಲಿನ ಕೋಡನ್ನು ಸ್ಕ್ಯಾನರ್ ಮೂಲಕ ಇಂಜಿನ್ ಕಂಪ್ಯೂಟರಾದ ಇಸಿಯುಗೆ ಬರೆಯಬೇಕು. ಹಳೆಯದಾದರೆ ಯಾವುದು ಯಾವ ಸಿಲಿಂಡರಿನದೋ ಅಲ್ಲಿಗೇ ಹೋಗಬೇಕು.

ಹೊರಗೆ ಟಾರಿನಂತೆ ಕಟ್ಟಿದ್ದು ನನ್ನ ಅದೃಷ್ಟವೆಂದೇ ಹೇಳಬೇಕು, ಕಣ್ಣಿಗೆ ಬಿತ್ತಲ್ಲ. ಬಿಡದಿಯಲ್ಲಿ ತಯಾರಾಗುತ್ತಿದ್ದ ಹಳೆಯ ಇನ್ನೋವಾದ 2.5 ಲೀಟರ್ ಇಂಜಿನ್‌ನಂಥ ವಿನ್ಯಾಸಗಳಲ್ಲಿ ಇಂಜೆಕ್ಟರ್ ಹೆಡ್ ಕವರಿನ ಒಳಗಿಂದ ಇಳಿದಿರುತ್ತದೆ. ಅಂಥ ಕಡೆ ತಾಮ್ರದ ವಾಷರ್ ಸೋರಿದರೆ ಮಸಿ ಹೊರಗೆ ಬರದೆ ಇಂಜಿನ್ ಆಯಿಲ್‌ಗೇ ಸೇರುತ್ತದೆ. ಆಯಿಲ್ ಕೆಸರಿನಂತಾಗಿ, ಚೇಂಬರ್ ತಳದ ಜರಡಿಗೆ ಕಟ್ಟಿಕೊಂಡರೆ ಪಂಪಿಗೆ ಎಣ್ಣೆ ಸಿಗುವುದಿಲ್ಲ. ಆಯಿಲ್ ದೀಪ ಹೊತ್ತುವಷ್ಟರಲ್ಲಿ ಬೇರಿಂಗ್ ಹೋಗಿರುತ್ತದೆ. ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವವರಿಗೆ ಅದು ಎಂಥ ಪೆಟ್ಟು ಎಂದು ಬೇರೆ ಹೇಳಬೇಕೆ? ಸದ್ದು ಕೇಳಿದ ದಿನವೇ ತೋರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತಿರುವುದು ಇದಕ್ಕೇ.

ಪೆಟ್ರೋಲ್ ಗಾಡಿಗಳದು ಬೇರೆ ಕತೆ. ಸಾಧಾರಣ ಪೆಟ್ರೋಲ್ ಇಂಜೆಕ್ಟರ್‌ನಲ್ಲಿ ಒತ್ತಡ ಮೂರು ನಾಲ್ಕು ಬಾರ್ ಅಷ್ಟೆ. ರಬ್ಬರ್ ಓ ರಿಂಗ್ ಸಾಕು. ಅದನ್ನೂ ಹೊಸದು ಹಾಕಿ, ಒಂದು ಹನಿ ಶುದ್ಧ ಇಂಜಿನ್ ಆಯಿಲ್ ಸವರಿ ಇಳಿಸಬೇಕು. ಒಣಗಿದ್ದರೆ ಹೊರಳಿ ಕತ್ತರಿಸಿಕೊಳ್ಳುತ್ತದೆ. ನೇರ ಸಿಲಿಂಡರ್‌ಗೇ ಪೆಟ್ರೋಲ್ ಚಿಮ್ಮಿಸುವ ಹೊಸ ಟರ್ಬೊ ಇಂಜಿನ್‌ಗಳಲ್ಲಿ ತುದಿಗೆ ಟೆಫ್ಲಾನ್ ಉಂಗುರ. ಅದನ್ನು ಶಂಕುವಿನಂಥ ಸಾಧನದಿಂದ ಹಿಗ್ಗಿಸಿ ತೊಡಿಸಿ, ಮತ್ತೆ ಕೊಳವೆಯೊಳಗೆ ಒತ್ತಿ ಕುಗ್ಗಿಸುತ್ತಾರೆ. ಅದಕ್ಕೆ ಎಣ್ಣೆ ಮುಟ್ಟಿಸುವಂತಿಲ್ಲ.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಹಳೆಯ ಬೇರು ಇದೆ. 1951ರಲ್ಲಿ ಹುಟ್ಟಿದ ಮೈಕೊ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪು, ನೋಜಲ್ ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಮೈಕೊ ಲೇಔಟ್ ಹಾಗೇ ಉಳಿದಿದೆ. ನನ್ನ ಗಾಡಿ ಬಿಚ್ಚಿದವರ ಗುರು ಕೆಲಸ ಕಲಿತದ್ದು ಆ ಹಳೆಯ ಪಂಪುಗಳ ಮೇಲೆ. ಆಗ ಪೈಪಿನ ನಟ್ ಸಡಿಲಿಸಿ, ಡೀಸೆಲ್ ಚಿಮ್ಮುವುದನ್ನು ನೋಡಿ, ಗಾಳಿ ತೆಗೆಯುತ್ತಿದ್ದರಂತೆ. ಕಾಮನ್ ರೈಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಹಾಗೆ ಮಾಡಿದರೆ ಡೀಸೆಲ್ ಧಾರೆ ಚರ್ಮ ತೂರಿ ಕೈಯೊಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿಸಬೇಕಾದ ಅಪಾಯ. ‘ಈ ಪೈಪಿಗೆ ಮಾತ್ರ ಕೈ ಇಡಬೇಡಿ ಸಾರ್’ ಎಂದು ಅವರು ನನಗೆ ಎರಡು ಸಲ ಹೇಳಿದರು.

ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ನಾಲ್ಕೂ ಇಂಜೆಕ್ಟರ್ ಸುತ್ತಲಿನ ಗುಳಿಗಳಿಗೆ ಸೋಪಿನ ನೀರು ಬಿಟ್ಟು ಸ್ಟಾರ್ಟ್ ಮಾಡಿಸಿದರು. ನಾವಿಬ್ಬರೂ ಬಗ್ಗಿ ಮೂರನೆಯದನ್ನೇ ನೋಡುತ್ತ ನಿಂತೆವು. ಇಂಜಿನ್ ಅದುರಾಟಕ್ಕೆ ನೀರು ನಡುಗಿತು, ಒಂದು ಗುಳ್ಳೆಯೂ ಏಳಲಿಲ್ಲ.