ನಿಮಗಿದು ಗೊತ್ತೆ? ಗೊದಮೊಟ್ಟೆಯ ಬಾಲ ಉದುರುವುದಿಲ್ಲ!

ಮಳೆಗಾಲದ ಹೊಂಡಗಳಲ್ಲಿ ಗೊದಮೊಟ್ಟೆಗಳನ್ನು ನೋಡಿಯೇ ಇರುತ್ತೀರಿ. ಉದುರಿಬಿದ್ದ ಬಾಲವನ್ನು ಎಂದಾದರೂ ಕಂಡಿದ್ದೀರಾ? ಕಾಣಲು ಸಾಧ್ಯವೇ ಇಲ್ಲ. ಹಲ್ಲಿಯ ಬಾಲದಂತೆ ಅದು ಕಳಚಿ ಬೀಳುವುದಿಲ್ಲ. ಗೊದಮೊಟ್ಟೆ ಕಪ್ಪೆಯಾಗುವಾಗ ದೇಹವೇ ಅದನ್ನು ಕರಗಿಸಿ ಹೀರಿಕೊಳ್ಳುತ್ತದೆ.

ಈ ರೂಪಾಂತರದ ಸೂತ್ರಧಾರ ಥೈರಾಯ್ಡ್ ಹಾರ್ಮೋನು. ಕಾಲು ಬೆಳೆಸುವುದೂ ಅದೇ, ಬಾಲ ಕರಗಿಸುವುದೂ ಅದೇ! ಅದರ ಪ್ರಮಾಣ ಏರಿದಂತೆ ಬಾಲದ ಜೀವಕೋಶಗಳು ತಾವಾಗಿಯೇ ಸಾಯತೊಡಗುತ್ತವೆ. ಕಿಣ್ವಗಳು ಸ್ನಾಯು, ಚರ್ಮವನ್ನು ಒಡೆಯುತ್ತವೆ. ಅಳಿದುಳಿದದ್ದನ್ನು ಭಕ್ಷಕ ಕೋಶಗಳು ನುಂಗಿಹಾಕುತ್ತವೆ. ಕತ್ತರಿಸಿ ಗಾಜಿನ ತಟ್ಟೆಯಲ್ಲಿಟ್ಟ ಬಾಲದ ತುದಿಗೆ ಈ ಹಾರ್ಮೋನು ಸೇರಿಸಿದರೆ ಅದೂ ಮುದುಡಿ ಕುಗ್ಗುತ್ತದೆ. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿ ತಿನ್ನಿಸಿದರು. ಅವು ಬೆಳೆಯುವ ಮೊದಲೇ ರೂಪಾಂತರಗೊಂಡು ತೀರಾ ಪುಟಾಣಿ ಕಪ್ಪೆಗಳಾದವು.

ಬಾಲ ಕರಗುವ ದಿನಗಳಲ್ಲಿ ಮರಿಗೆ ಹೆಚ್ಚುಕಡಿಮೆ ಉಪವಾಸ. ಪಾಚಿ ಕೆರೆಯುತ್ತಿದ್ದ ಬಾಯಿ ಹುಳ ಹಿಡಿಯುವ ಬಾಯಿಯಾಗಬೇಕು, ಉದ್ದನೆಯ ಕರುಳು ಗಿಡ್ಡವಾಗಬೇಕು. ಅಲ್ಲಿಯವರೆಗೆ ಬಾಲದಿಂದ ದಕ್ಕುವ ಪೋಷಕಾಂಶವೇ ಬುತ್ತಿ.

ಅಂದಹಾಗೆ, ಕೊಲಾಜನ್ ಎಂಬ ಗಟ್ಟಿ ಪ್ರೋಟೀನನ್ನು ಕತ್ತರಿಸುವ ಕಿಣ್ವ ಪ್ರಾಣಿಗಳಲ್ಲಿ ಮೊದಲು ಪತ್ತೆಯಾದದ್ದು 1962ರಲ್ಲಿ, ಇದೇ ಬಾಲದಲ್ಲಿ.