ಕಪ್ಪು ಪರದೆಗೆ ಬಣ್ಣ ಬಂದ ಬಗೆ

ಕೇರಳದ ಸರ್ಕಾರಿ ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಟರ್ಮಿನಲ್ ತೆರೆದು ‘ಎಲ್‌ಎಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಫೈಲುಗಳ ಪಟ್ಟಿ ಬಣ್ಣಬಣ್ಣವಾಗಿ ಬರುತ್ತದೆ. ಫೋಲ್ಡರುಗಳದು ನೀಲಿ, ಚಲಾಯಿಸಬಹುದಾದ ಪ್ರೋಗ್ರಾಮುಗಳದು ಹಸಿರು, ಜಿಪ್ ಫೈಲುಗಳದು ಕೆಂಪು, ಫೋಟೊಗಳದು ಕಡುಗುಲಾಬಿ. ಐಕಾನೂ ಚಿತ್ರವೂ ಇಲ್ಲದ, ಬರೀ ಅಕ್ಷರಗಳ ಈ ಪರದೆಯಲ್ಲಿ ಕಣ್ಣಿಗೆ ಥಟ್ಟನೆ ಸಿಗುವ ಸುಳಿವೆಂದರೆ ಬಣ್ಣ. ಇದನ್ನು ಗೊತ್ತುಮಾಡಿದವರು ಯಾರು? ಬೇಡವೆನಿಸಿದರೆ ಬದಲಿಸುವ ಹಕ್ಕು ಯಾರದು? ಎರಡನೆಯ ಪ್ರಶ್ನೆಯ ಉತ್ತರ ಐವತ್ತು ವರ್ಷಗಳಲ್ಲಿ ಕೈಯಿಂದ ಕೈಗೆ ದಾಟಿದೆ. ಮೊದಲು ಆ ಹಕ್ಕು ಯಂತ್ರ ತಯಾರಿಸಿದ ಕಂಪನಿಯದಾಗಿತ್ತು, ಆಮೇಲೆ ಪ್ರೋಗ್ರಾಂ ಬರೆದವರದಾಯಿತು, ಈಗ ಪರದೆಯ ಮುಂದೆ ಕೂತು ಓದುವವರದು. ಆ ಕೊನೆಯ ಹಂತವನ್ನು ಶಾಲೆಯ ಬೆಂಚಿನವರೆಗೆ ತಂದ ರಾಜ್ಯ ಕೇರಳ.

ಪರದೆ ಬರುವ ಮೊದಲು ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್. ಅದರಲ್ಲಿ ಒಂದು ಪದ ಎದ್ದು ಕಾಣಬೇಕಾದರೆ ಅಕ್ಷರವನ್ನು ಬಡಿದು, ಒಂದು ಮನೆ ಹಿಂದಕ್ಕೆ ಸರಿದು, ಅದೇ ಅಕ್ಷರವನ್ನು ಮತ್ತೊಮ್ಮೆ ಬಡಿಯಬೇಕಿತ್ತು. ಮಸಿ ದಪ್ಪವಾಗುತ್ತಿತ್ತು. ಪರದೆ ಬಂದ ಮೇಲೆ ಬೇರೆ ಉಪಾಯಗಳು ಹುಟ್ಟಿದವು. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಹೊರತಂದ ವಿಟಿ100 ಟರ್ಮಿನಲ್ಲಿನಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ಬಣ್ಣ ಇರಲಿಲ್ಲ. ಅಕ್ಷರವನ್ನು ದಪ್ಪ ಮಾಡಬಹುದಿತ್ತು, ಅಡಿಗೆರೆ ಎಳೆಯಬಹುದಿತ್ತು, ಮಿನುಗಿಸಬಹುದಿತ್ತು, ಹಿನ್ನೆಲೆಯನ್ನೂ ಅಕ್ಷರವನ್ನೂ ಅದಲುಬದಲು ಮಾಡಬಹುದಿತ್ತು. ಇವತ್ತಿಗೂ ಟರ್ಮಿನಲ್ ಪ್ರೋಗ್ರಾಮುಗಳಲ್ಲಿ ಹುಡುಕಿದ ಪದವನ್ನು ಎತ್ತಿ ತೋರಿಸಲು ಈ ಅದಲುಬದಲನ್ನೇ ಬಳಸುವುದುಂಟು.

ಇದರ ಯಾಂತ್ರಿಕತೆ ಸರಳ, ಆದರೆ ಜಾಣತನದ್ದು. ಕಂಪ್ಯೂಟರಿನಿಂದ ಟರ್ಮಿನಲ್ಲಿಗೆ ಇರುವುದು ಒಂದೇ ದಾರಿ. ಓದಬೇಕಾದ ಅಕ್ಷರವೂ ಅದರ ಬಣ್ಣದ ಆಜ್ಞೆಯೂ ಅದೇ ದಾರಿಯಲ್ಲಿ ಬರಬೇಕು. ಎರಡನ್ನೂ ಬೇರ್ಪಡಿಸಲು ಎಸ್ಕೇಪ್ ಎಂಬ, 27ನೇ ಸಂಕೇತ ಹೊತ್ತ ಅದೃಶ್ಯ ಅಕ್ಷರವಿದೆ. ಎಸ್ಕೇಪ್, ಅದರ ಹಿಂದೆಯೇ ಒಂದು ಚೌಕ ಕಂಸ, 31 ಎಂಬ ಅಂಕಿ, ಕೊನೆಗೆ ಸಣ್ಣಕ್ಷರದ ‘ಎಂ’. ಇಷ್ಟು ಬಂದರೆ ಮುಂದಿನ ಅಕ್ಷರಗಳೆಲ್ಲ ಕೆಂಪು. 32 ಹಸಿರು, 33 ಹಳದಿ, 34 ನೀಲಿ. 40ರಿಂದ ಹಿನ್ನೆಲೆಯ ಬಣ್ಣಗಳು. ಸೊನ್ನೆ ಕಳಿಸಿದರೆ ಎಲ್ಲವೂ ಮೊದಲಿನಂತೆ. ಇಂಥ ಸಂಕೇತಗಳಿಗೆ ಯುರೋಪಿನ ಇಸಿಎಂಎ-48 ಮಾನದಂಡ 1976ರಲ್ಲಿ ಬಂತು, ಅಮೆರಿಕದ ಆನ್ಸಿ ಮಾನದಂಡ 1979ರಲ್ಲಿ. ಬಣ್ಣಗಳು ಎಂಟೇ ಏಕೆಂದರೆ ಕೆಂಪು, ಹಸಿರು, ನೀಲಿ ಈ ಮೂರನ್ನು ಹಚ್ಚುವುದು ಅಥವಾ ಆರಿಸುವುದು ಎಂಟೇ ರೀತಿಯಲ್ಲಿ ಸಾಧ್ಯ.

ಮಾನದಂಡ ಬರುವ ತನಕ ಒಂದೊಂದು ಕಂಪನಿಯ ಟರ್ಮಿನಲ್ಲಿಗೆ ಒಂದೊಂದು ಭಾಷೆ. ಬರ್ಕ್ಲಿಯಲ್ಲಿ ವಿಐ ಎಡಿಟರ್ ಬರೆಯುತ್ತಿದ್ದ ಬಿಲ್ ಜಾಯ್, ಯಾವ ಟರ್ಮಿನಲ್ಲಿಗೆ ಯಾವ ಸಂಕೇತ ಎಂಬುದನ್ನೆಲ್ಲ ಟರ್ಮ್‌ಕ್ಯಾಪ್ ಎಂಬ ಒಂದು ಫೈಲಿನಲ್ಲಿ ಒಟ್ಟುಹಾಕಿದರು. ಅದರ ಮೇಲೆ ಕೆನ್ ಆರ್ನಲ್ಡ್ ಕರ್ಸಸ್ ಎಂಬ ಪ್ರೋಗ್ರಾಂ ಲೈಬ್ರರಿ ಕಟ್ಟಿದರು. ಪ್ರೋಗ್ರಾಂ ಬರೆಯುವವರು ‘ಇದು ಎದ್ದು ಕಾಣಲಿ’ ಎಂದಷ್ಟೇ ಹೇಳಿದರೆ ಸಾಕು, ಉಳಿದದ್ದನ್ನು ಕರ್ಸಸ್ ನೋಡಿಕೊಳ್ಳುತ್ತಿತ್ತು.

ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಣ್ಣ ಬಂದದ್ದು ಬೇರೆ ದಾರಿಯಲ್ಲಿ. ಟರ್ಬೊ ಸಿಯಲ್ಲಿ ಪ್ರೋಗ್ರಾಮಿಂಗ್ ಕಲಿತವರಿಗೆ ಆ ನೀಲಿ ಪರದೆ ಮರೆಯುವಂಥದ್ದಲ್ಲ. ಡಾಸ್ ಯಂತ್ರದಲ್ಲಿ ಪರದೆಯ ಪ್ರತಿ ಮನೆಗೂ ಎರಡು ಬೈಟ್, ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ; 25 ಸಾಲಿನ ಇಡೀ ಪರದೆಗೆ 4000 ಬೈಟ್. ‘ಟೆಕ್ಸ್ಟ್‌ಕಲರ್’ ಎಂಬ ಆಜ್ಞೆಗೆ 4 ಕೊಟ್ಟರೆ ಕೆಂಪು, 1 ಕೊಟ್ಟರೆ ನೀಲಿ. ಆನ್ಸಿಯಲ್ಲಿ ಇದು ತಿರುಗುಮುರುಗು: ಅಲ್ಲಿ 1 ಕೆಂಪು, 4 ನೀಲಿ. ಇನ್ನೊಂದು ವಿಚಿತ್ರವೂ ಇತ್ತು. ಐಬಿಎಂನ ಮೊದಲ ಬಣ್ಣದ ಕಾರ್ಡಿಗೆ ಜೊತೆಯಾಗಿ ಬಂದ ಮಾನಿಟರ್, ಮಂದ ಹಳದಿ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಹಸಿರನ್ನು ಕಡಿಮೆ ಮಾಡಿ ಕಂದು ಬಣ್ಣ ತೋರಿಸುತ್ತಿತ್ತು. ಟರ್ಬೊ ಸಿಯಲ್ಲಿ 6ನೇ ಬಣ್ಣದ ಹೆಸರು ‘ಬ್ರೌನ್’ ಎಂದಿರುವುದು ಆ ಮಾನಿಟರಿನ ಋಣ. ಎಲ್ಲವೂ ಹೀಗೆ ಯಂತ್ರ ತಯಾರಿಸಿದವರ ತೀರ್ಮಾನ. ವಿದ್ಯಾರ್ಥಿ ಒಪ್ಪಿಕೊಳ್ಳಬೇಕಿತ್ತು, ಅಷ್ಟೆ.

1990ರ ದಶಕದಲ್ಲಿ ಲಿನಕ್ಸ್ ಬಂದು ಚಿತ್ರ ಬದಲಾಯಿತು. ಎಚ್. ಪೀಟರ್ ಆನ್ವಿನ್ ಬರೆದ ‘ಡಿರ್‌ಕಲರ್ಸ್’ ಪ್ರೋಗ್ರಾಂ, ಯಾವ ಬಗೆಯ ಫೈಲಿಗೆ ಯಾವ ಬಣ್ಣ ಎಂಬುದನ್ನು ಯಾರು ಬೇಕಾದರೂ ತಿದ್ದಬಹುದಾದ ಪಟ್ಟಿಯಾಗಿಸಿತು. 1999ರಲ್ಲಿ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಮಿಗೆ 256 ಬಣ್ಣ ಬಂತು: ಹಳೆಯ 16, ಜೊತೆಗೆ ಆರಾರು ಮಟ್ಟದ ಕೆಂಪು, ಹಸಿರು, ನೀಲಿ ಬೆರೆತ 216, ಬೂದಿಯ 24 ಛಾಯೆ.

ಈ ಹೊತ್ತಿಗೆ ಕಥೆ ತಿರುವನಂತಪುರಕ್ಕೆ ಬರುತ್ತದೆ. 2001ರ ಜುಲೈ 20ರಂದು ಅಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಯಾಯಿತು. ಸ್ವತಂತ್ರ ತಂತ್ರಾಂಶ ಚಳವಳಿ ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಬಂದಿದ್ದರು. ಅವರೇ ಹುಟ್ಟುಹಾಕಿದ ಗ್ನು ಈಮ್ಯಾಕ್ಸ್ ಎಡಿಟರಿನ 21ನೇ ಆವೃತ್ತಿ ಅದೇ ವರ್ಷದ ಅಕ್ಟೋಬರಿನಲ್ಲಿ ಬಂತು, ಬರೀ ಅಕ್ಷರಗಳ ಟರ್ಮಿನಲ್ಲಿನಲ್ಲೂ ಬಣ್ಣ ತೋರಿಸುವ ಶಕ್ತಿಯನ್ನು ಹೊತ್ತು. ಕೇರಳದ ಐಟಿ@ಸ್ಕೂಲ್ ಯೋಜನೆ ಶುರುವಾದದ್ದೂ ಆ ಸುಮಾರಿನಲ್ಲೇ. ಖಾಸಗಿ ತಂತ್ರಾಂಶವೋ ಸ್ವತಂತ್ರ ತಂತ್ರಾಂಶವೋ ಎಂಬ ಚರ್ಚೆಯಲ್ಲಿ ಶಿಕ್ಷಕರೂ ಬಳಕೆದಾರರ ಕೂಟಗಳೂ ದನಿಯೆತ್ತಿದರು. 2008ರ ಹೊತ್ತಿಗೆ ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶದಲ್ಲೇ ನಡೆಯುವಂತಾಯಿತು. ಶಾಲೆಗಳಿಗಾಗಿ ಸಿದ್ಧವಾದ ಕಾರ್ಯಾಚರಣ ವ್ಯವಸ್ಥೆ ಮೊದಲು ಡೆಬಿಯನ್, ಆಮೇಲೆ ಉಬುಂಟು ಎಂಬ ಲಿನಕ್ಸ್ ರೂಪಗಳನ್ನು ಆಧರಿಸಿದ್ದು. ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ.

ಇಲ್ಲಿ ಒಂದು ಸಣ್ಣ ಫೈಲನ್ನು ಬಿಚ್ಚಿ ನೋಡಬೇಕು. ಡೆಬಿಯನ್ ಇರಲಿ ಉಬುಂಟು ಇರಲಿ, ಪ್ರತಿ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ‘ಬ್ಯಾಶ್‌ಆರ್‌ಸಿ’ ಎಂಬ ಫೈಲ್ ಅಡಗಿರುತ್ತದೆ. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಸಾಮಾನ್ಯವಾಗಿ ಕಾಣುವುದಿಲ್ಲ. ಎಲ್‌ಎಸ್‌ಗೆ ಬಣ್ಣ ಕೊಡುವ ಸಾಲು ಅದರಲ್ಲಿದೆ. ಆಜ್ಞೆ ಟೈಪ್ ಮಾಡುವ ಜಾಗದ ಮುಂದೆ ಕಾಣುವ ಪ್ರಾಂಪ್ಟಿಗೆ ಒತ್ತಾಯದಿಂದ ಬಣ್ಣ ಹಚ್ಚುವ ಸಾಲೂ ಇದೆ, ಆದರೆ ಅದರ ಮುಂದೆ # ಗುರುತು ಹಾಕಿ ಸುಮ್ಮನಿರಿಸಿದ್ದಾರೆ. ಯಾಕೆಂಬುದನ್ನೂ ಪಕ್ಕದಲ್ಲೇ ಬರೆದಿದ್ದಾರೆ: ನೋಡುವವರ ಗಮನ ಆಜ್ಞೆಯ ಫಲಿತಾಂಶದ ಮೇಲಿರಬೇಕು, ಪ್ರಾಂಪ್ಟಿನ ಮೇಲಲ್ಲ ಎಂಬುದು ಅದರ ಸಾರ. ಒಪ್ಪದವರು ಆ # ಅಳಿಸಿದರೆ ಆಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ತಾನು ಕೂತ ಯಂತ್ರ ಹೀಗೇಕೆ ಕಾಣುತ್ತದೆ ಎಂಬ ಕಾರಣ ಓದಲು ಸಿಗುವುದು, ಓದಿ ಬದಲಿಸಲು ಅವಕಾಶವಿರುವುದು ದೊಡ್ಡ ಸಂಗತಿ ಎಂದೇ ನನ್ನ ನಂಬಿಕೆ. ಟರ್ಬೊ ಸಿಯ ನಮ್ಮ ಲ್ಯಾಬುಗಳಲ್ಲಿ ಆ ಭಾಗ್ಯ ಇರಲಿಲ್ಲ.

ಅದೇ ಫೈಲಿನಲ್ಲಿ ಎಲ್‌ಎಸ್‌ಗೆ ಬಣ್ಣ ಕೊಡುವ ಸಾಲಿನಲ್ಲಿ ‘ಆಟೊ’ ಎಂಬ ಪದವೊಂದಿದೆ. ಫಲಿತಾಂಶ ಪರದೆಗೆ ಹೋಗುತ್ತಿದೆಯೋ ಇನ್ನೊಂದು ಫೈಲಿಗೋ ಎಂದು ಎಲ್‌ಎಸ್ ಮೊದಲು ವಿಚಾರಿಸುತ್ತದೆ. ಪರದೆಯಾದರೆ ಬಣ್ಣ, ಇಲ್ಲವಾದರೆ ಬರೀ ಅಕ್ಷರ. ಈ ವಿಚಾರಣೆ ಮರೆತ ಪ್ರೋಗ್ರಾಮಿನ ಫಲಿತಾಂಶವನ್ನು ಫೈಲಿಗೆ ಉಳಿಸಿದರೆ ಪ್ರತಿ ಹೆಸರಿನ ಹಿಂದೆ ಮುಂದೆ ಆವರಣ, ಅಂಕಿ, ಅರ್ಧವಿರಾಮಗಳ ಕಸ ಮೆತ್ತಿಕೊಂಡಿರುತ್ತದೆ. ಬಣ್ಣ ಬೇಡವೇ ಬೇಡ ಎನ್ನುವವರಿಗೂ ದಾರಿ ಬೇಕು. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದ ಕಣ್ಣುಗಳಿಗೆ ‘ಹಸಿರಾದರೆ ಸರಿ, ಕೆಂಪಾದರೆ ತಪ್ಪು’ ಎಂಬ ಸೂಚನೆ ಏನನ್ನೂ ಹೇಳುವುದಿಲ್ಲ. ಕಪ್ಪಿನ ಮೇಲಿನ ಕಡುನೀಲಿಯಂತೂ ಯಾರ ಕಣ್ಣಿಗೂ ಕಷ್ಟ. ವಿಂಡೋಸ್ ತನ್ನ ಕನ್ಸೋಲಿನ ಹಳೆಯ ಬಣ್ಣಗಳನ್ನು 2017ರಲ್ಲಿ ತಿಳಿಗೊಳಿಸಿದ್ದು ಈ ದೂರಿನಿಂದಲೇ. ‘ನೋ ಕಲರ್’ ಎಂಬ ಒಪ್ಪಂದ ಬಂದದ್ದೂ ಅದೇ ವರ್ಷ. ಆ ಹೆಸರಿನ ಒಂದು ಸೆಟ್ಟಿಂಗ್ ಇಟ್ಟರೆ, ಒಪ್ಪಂದ ಪಾಲಿಸುವ ಪ್ರೋಗ್ರಾಮುಗಳೆಲ್ಲ ತಾವಾಗಿ ಬಣ್ಣ ಹಚ್ಚುವುದನ್ನು ನಿಲ್ಲಿಸುತ್ತವೆ.

ಡೆಬಿಯನ್ ಬಳಗದ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ ಭಾರತಕ್ಕೆ ಮೊದಲ ಬಾರಿಗೆ ಬಂದಾಗ ಅದಕ್ಕೆ ಜಾಗ ಕೊಟ್ಟದ್ದು ಕೊಚ್ಚಿ. 2023ರ ಸೆಪ್ಟೆಂಬರ್ 10ರಿಂದ 17ರವರೆಗೆ ಇನ್ಫೋಪಾರ್ಕಿನಲ್ಲಿ ಅದು ನಡೆಯಿತು. ಆ ಊರಿನ ಹೆಸರನ್ನೇ ತೆಗೆದುಕೊಂಡರೆ, ಬಣ್ಣದ ಈ ಇಡೀ ಏರ್ಪಾಟು ನಮ್ಮ ಲಿಪಿಗಳ ಮುಂದೆ ಎಲ್ಲಿ ಎಡವುತ್ತದೆ ಎಂಬುದು ಕಾಣುತ್ತದೆ.

‘ಕೊಚ್ಚಿ’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿಗೆ ಆರು ಸಂಕೇತ: ಕ, ಒ-ಕಾರದ ಚಿಹ್ನೆ, ಚ, ವಿರಾಮ, ಮತ್ತೊಂದು ಚ, ಇ-ಕಾರದ ಚಿಹ್ನೆ. ಪದ ಹುಡುಕುವ ‘ಗ್ರೆಪ್’ ಆಜ್ಞೆಗೆ ‘ಕ’ ಎಂದು ಕೊಟ್ಟರೆ ಅದು ‘ಕ’ವನ್ನು ಕೆಂಪಾಗಿಸಿ ಅದರ ಬೆನ್ನಿಗೇ ಬಣ್ಣ ನಿಲ್ಲಿಸುವ ಸಂಕೇತ ತುರುಕುತ್ತದೆ. ಅಕ್ಷರ ಅಲ್ಲಿಗೆ ಸೀಳಿಹೋಗುತ್ತದೆ. ಹಲವು ಟರ್ಮಿನಲ್ಲುಗಳಲ್ಲಿ ಒ-ಕಾರ ದಿಕ್ಕಿಲ್ಲದೆ ಪಕ್ಕದ ಮನೆಯಲ್ಲಿ ನಿಲ್ಲುತ್ತದೆ. ಮಲಯಾಳಂ ಲಿಪಿಯಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಒ-ಕಾರದ ಒಂದು ತುಂಡು ‘ಕ’ದ ಎಡಕ್ಕೆ, ಇನ್ನೊಂದು ಬಲಕ್ಕೆ. ನಡುವಿನದಕ್ಕೆ ಮಾತ್ರ ಬಣ್ಣ ಹಚ್ಚುವುದು ಹೇಗೆ? ಒಂದು ಅಕ್ಷರಕ್ಕೆ ಒಂದು ಮನೆ ಎಂದು ವಿಟಿ100ರ ಕಾಲದಲ್ಲಿ ಹಾಕಿದ ಲೆಕ್ಕ ಇಂಗ್ಲಿಷಿಗೆ ಒಗ್ಗುವಂಥದ್ದು.

ಸರಿಯಾದ ಪರಿಹಾರವೆಂದರೆ ಬಣ್ಣ ಹಚ್ಚುವ ಪ್ರೋಗ್ರಾಂ ಇಡೀ ಅಕ್ಷರವನ್ನು ಒಂದೇ ಘಟಕವೆಂದು ಎಣಿಸುವುದು. ಅಕ್ಷರ ಎಲ್ಲಿ ಶುರು, ಎಲ್ಲಿ ಕೊನೆ ಎಂಬ ನಿಯಮಗಳನ್ನು, ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ ಬರೆದಿಟ್ಟಿದೆ. ವ್ಯಂಜನಕ್ಕೆ ಅಂಟಿದ ಸ್ವರಚಿಹ್ನೆಯನ್ನು ಕಡಿಯಬಾರದೆಂದು ಅವು ಹಿಂದಿನಿಂದಲೂ ಹೇಳುತ್ತಿದ್ದವು. ಒತ್ತಕ್ಷರಗಳ ಪಾಡು ಮಾತ್ರ ಬಾಕಿ ಇತ್ತು. ಕೊಚ್ಚಿಯಲ್ಲಿ ಡೆಬ್‌ಕಾನ್ ನಡೆಯುತ್ತಿದ್ದ ವಾರದಲ್ಲೇ, ಸೆಪ್ಟೆಂಬರ್ 12ರಂದು, ಯೂನಿಕೋಡ್ 15.1 ಹೊರಬಂತು. ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಡೆಯದೆ ಒಂದಾಗಿಯೇ ಇಡಬೇಕೆಂಬ ಹೊಸ ನಿಯಮ ಅದರಲ್ಲಿತ್ತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳಿಗೆ ಅದು ಅನ್ವಯಿಸಿತು. ಮಲಯಾಳಂನ ‘ಚ್ಚಿ’ ಆ ನಿಯಮದ ಪ್ರಕಾರ ಒಂದೇ ಅಕ್ಷರ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ‘ಚ್ಚಿ’ ಅದರ ಲೆಕ್ಕದಲ್ಲಿ ಎರಡು ತುಂಡು. ಯೂನಿಕೋಡ್‌ಗೆ ಸಲಹೆ ಕಳಿಸುವ ಬಾಗಿಲು ಯಾರಿಗೂ ಮುಚ್ಚಿಲ್ಲ. ಕನ್ನಡದ ಒತ್ತಕ್ಷರಗಳ ಉದಾಹರಣೆಗಳನ್ನು ಒಪ್ಪವಾಗಿ ಜೋಡಿಸಿ ಅಲ್ಲಿಗೆ ತಲುಪಿಸುವ ಕೆಲಸವನ್ನು ಬೆಂಗಳೂರಿನ ತಂತ್ರಜ್ಞರೂ ಮಾಡಬಹುದು, ಎರಡೂ ಲಿಪಿ ಬಲ್ಲ ಕಾಸರಗೋಡಿನ ಮೇಷ್ಟ್ರೂ ಮಾಡಬಹುದು.